ಎಡಗೈಗೊಂದು ಆಸರೆ

ಹಳೇ ಅಂಬಾಸಿಡರ್ ಕಾರಿನಲ್ಲಿ ಓಡಾಡಿದವರಿಗೆ ನೆನಪಿರುತ್ತದೆ, ಮುಂದಿನ ಸೀಟು ಈ ಬಾಗಿಲಿಂದ ಆ ಬಾಗಿಲವರೆಗೆ ಒಂದೇ ಬೆಂಚು. ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲೇ ಇರುತ್ತಿತ್ತು. ಪದ್ಮಿನಿ ಕಾರಿನದೂ ಅದೇ ಕಥೆ. ಡ್ರೈವರ್ ಪಕ್ಕ ಇಬ್ಬರು ಕೂತು, ತೊಡೆ ಮೇಲೆ ಒಂದು ಮಗುವನ್ನೂ ಕೂರಿಸಿಕೊಂಡು ಮದುವೆಗೆ ಹೋಗಿಬರುತ್ತಿದ್ದರು. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಮಾರುತಿ 800 ಕಾರಿನ ಬೀಗದ ಕೈ ಗ್ರಾಹಕರ ಕೈ ಸೇರಿತಲ್ಲ, ಆ ಕಾರಿನಲ್ಲಿ ಬೆಂಚು ಇರಲಿಲ್ಲ. ಎರಡು ಬಿಡಿ ಸೀಟು, ನಡುವೆ ಗೇರ್, ಅದರ ಹಿಂದೆ ಹ್ಯಾಂಡ್‌ಬ್ರೇಕ್. ಆವತ್ತಿನಿಂದ ಸಣ್ಣ ಕಾರು ಓಡಿಸುವವರ ಎಡ ಮೊಣಕೈ ಗಾಳಿಯಲ್ಲೇ ಉಳಿಯಿತು.

ಪದ್ಮಿನಿ ಅಂದ ಮೇಲೆ ನಮ್ಮ ಜಿಲ್ಲೆಯ ಒಂದು ವಿಷಯ ಹೇಳಲೇಬೇಕು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ನಮ್ಮ ದೇಶದಲ್ಲಿ ಕಾರು ತಯಾರಾಗಬೇಕೆಂದು ಯೋಜನೆ ಬರೆದವರು. ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಿಸಲು ತುಂಬ ಓಡಾಡಿದರು, ಅದು ಕೈಗೂಡಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮುಂಬೈಯಲ್ಲಿ ಪ್ರೀಮಿಯರ್ ಕಂಪನಿ ಶುರುಮಾಡಿದರು. ಪದ್ಮಿನಿ ಬಂದದ್ದು ಅಲ್ಲಿಂದಲೇ. ಬೇಕಾದ ವಸ್ತುವನ್ನು ನಾವೇ ಮಾಡಿಕೊಳ್ಳಬೇಕು ಅನ್ನುವ ಹಟ ಈ ಮಣ್ಣಿಗೆ ಹೊಸದಲ್ಲ ಅಂತ ನಾನು ನಂಬುತ್ತೇನೆ.

ಇದನ್ನೆಲ್ಲ ಹೇಳುತ್ತಿದ್ದದ್ದು ಬೇಲಿಯಾಚೆ ಮನೆಯ ಅಣ್ಣನಿಗೆ. ಕಾರಿನ ಬಾಗಿಲು ತೆಗೆದಿಟ್ಟುಕೊಂಡು ನಾನು ಪ್ಲೈವುಡ್ಡಿಗೆ ಉಪ್ಪುಕಾಗದ ಉಜ್ಜುತ್ತಿದ್ದೆ. ಅವರು ಹಸುವಿಗೆ ಹುಲ್ಲು ಹಾಕಿ ಬಂದು, ಬೇಲಿಯ ಕಲ್ಲುಕಂಬಕ್ಕೆ ಕೈಯೂರಿ ನಿಂತರು.

"ಏನಪ್ಪಾ ಅದು, ಕಾರೊಳಗೆ ಪೆಟ್ಟಿಗೆ?"

"ಕೈ ಇಟ್ಕೊಳ್ಳೋಕೆ ಅಣ್ಣ. ಆರ್ಮ್‌ರೆಸ್ಟ್ ಅಂತಾರೆ."

"ಅಷ್ಟಕ್ಕೆ ಇಷ್ಟು ಮರಗೆಲ್ಸ ಯಾಕೆ? ಮಧ್ಯದಲ್ಲಿ ಒಂದು ದಿಂಬು ತುರುಕಿದ್ರೆ ಸಾಲ್ದಾ?"

ಸಾಲದು. ದಿಂಬು ಜಾರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಮುಂದಕ್ಕೆ ಬಿದ್ದು ಪೆಡಲ್ ಕೆಳಗೆ ಸೇರಿಕೊಂಡರೆ ಆಮೇಲೆ ಬ್ರೇಕೇ ಕೆಳಗಿಳಿಯುವುದಿಲ್ಲ. ಕಾರಿನೊಳಗೆ ಸಡಿಲವಾಗಿರುವ ಯಾವ ವಸ್ತುವನ್ನೂ ನಂಬಬಾರದು.

ಹಾಗಾದರೆ ಕೈಗೆ ಆಸರೆ ಅಷ್ಟು ಮುಖ್ಯವೇ? ಮುಖ್ಯ. ಮನುಷ್ಯನ ಒಂದು ತೋಳು ಅವನ ಮೈತೂಕದ ನೂರಕ್ಕೆ ಸುಮಾರು 5 ಭಾಗ ತೂಗುತ್ತದೆ. 70 ಕೆ.ಜಿ. ಇರುವವರಿಗೆ ಅದು 3.5 ಕೆ.ಜಿ. ಬಲಗೈಗೆ ಬಾಗಿಲ ಪಟ್ಟಿ ಇದೆ. ಎಡಗೈಯ ಭಾರವನ್ನೆಲ್ಲ ಭುಜವೂ ಕುತ್ತಿಗೆಯೂ ಹೊರಬೇಕು. ತೊಂಡೇಬಾವಿ ಬಿಟ್ಟು ದೊಡ್ಡಬಳ್ಳಾಪುರದ ಕಡೆ ಹೊರಟರೆ ಮಾಕಳಿದುರ್ಗದ ಬೆಟ್ಟದ ಸಾಲು, ಮುಂದೆ ಸಿಮೆಂಟ್ ಹೊತ್ತ ಲಾರಿ, ನಡುನಡುವೆ ಊರುಗಳ ರಸ್ತೆಯುಬ್ಬು. ಎಡಗೈ ಗೇರ್ ಹಾಕುತ್ತಲೇ ಇರುತ್ತದೆ. ಯಲಹಂಕ ದಾಟಿ ಬೆಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿದ ಮೇಲಂತೂ ಕೇಳುವುದೇ ಬೇಡ. ರಾತ್ರಿ ಊರಿಗೆ ಮರಳುವಷ್ಟರಲ್ಲಿ ಹೆಗಲು ಕಲ್ಲಾಗಿರುತ್ತದೆ. ಗೇರ್ ಹಾಕುವ ಕೆಲಸವಿಲ್ಲದ ಒಂದೆರಡು ನಿಮಿಷವಾದರೂ ಮೊಣಕೈ ಊರಲು ಜಾಗ ಸಿಕ್ಕರೆ ಆ ಭಾರ ಇಳಿಯುತ್ತದೆ.

"ಅಂಗಡೀಲಿ ಸಿಗಲ್ವೇನಪ್ಪ?" ಅಂದರು ಅಣ್ಣ.

ಸಿಗುತ್ತದೆ. ಅಂಗಡಿಯವರು ಕೇಳುವುದು ಕಾರು ಯಾವುದು ಅಂತ. ಅದರಲ್ಲಿ ಕೂರುವವರ ಕೈ ಎಷ್ಟುದ್ದ ಅಂತ ಯಾರೂ ಕೇಳುವುದಿಲ್ಲ. ಕೂತಾಗ ಸೀಟಿನಿಂದ ಮೊಣಕೈವರೆಗಿನ ಎತ್ತರ ಹೆಚ್ಚಿನವರಿಗೆ 20ರಿಂದ 25 ಸೆಂ.ಮೀ. ಇರುತ್ತದೆ. ಆ 5 ಸೆಂ.ಮೀ. ವ್ಯತ್ಯಾಸದಲ್ಲೇ ಸುಖವೂ ನೋವೂ ಇರುವುದು. ಆಸರೆ ತಗ್ಗಾದರೆ ಮೈ ಎಡಕ್ಕೆ ವಾಲುತ್ತದೆ. ಎತ್ತರವಾದರೆ ಭುಜ ಕಿವಿಯ ಕಡೆಗೆ ಏರುತ್ತದೆ, ಮೊದಲಿದ್ದ ನೋವಿಗಿಂತ ಹೆಚ್ಚು ನೋವು. ಆದ್ದರಿಂದ ಅಳತೆ ತೆಗೆಯುವಾಗ ಕಾರು ಓಡಿಸುವವರೇ ಸೀಟಿನಲ್ಲಿ ಕೂರಬೇಕು. ಸೀಟು ಅವರ ಭಾರಕ್ಕೆ ಕುಗ್ಗಿದ ಮೇಲೆ ಟೇಪು ಹಿಡಿಯಬೇಕು.

ಮರಕ್ಕೆ ಗರಗಸ ಹಾಕುವ ಮೊದಲು ರಟ್ಟಿನಲ್ಲಿ ಒಂದು ಅಚ್ಚು ಮಾಡಿ, ಟೇಪು ಅಂಟಿಸಿ ನಡುವೆ ಕೂರಿಸಿದೆ. ಯಾವ ದುಡ್ಡೂ ಖರ್ಚಾಗದೆ ಎಲ್ಲ ಪರೀಕ್ಷೆಯೂ ಅದರಲ್ಲೇ ಮುಗಿಯುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಮೇಲಕ್ಕೆ ಎಳೆದು, ಹಿಡಿದ ಮುಷ್ಟಿ ಎಲ್ಲಿಗೂ ತಾಗುವುದಿಲ್ಲವೇ ನೋಡಬೇಕು. ಎಲ್ಲ ಗೇರೂ ಹಾಕಿ ನೋಡಬೇಕು. ಮೊಣಕೈ ಹಿಂದಕ್ಕೆ ಬರುವುದು ಎರಡನೇ ಗೇರಿಗೆ, ನಾಲ್ಕನೇ ಗೇರಿಗೆ. ಸೀಟು ಮುಂದೆ ತಳ್ಳಿ, ಹಿಂದೆ ತಳ್ಳಿ ಉಜ್ಜುವುದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಸೀಟ್‌ಬೆಲ್ಟ್ ಸಿಕ್ಕಿಸುವ ಬಾಯಿ ಒಳಮಗ್ಗುಲಿಗೇ ಇರುವುದರಿಂದ, ಕತ್ತಲಲ್ಲೂ ಕೈಗೆ ಸಿಗುವಷ್ಟು ಜಾಗ ಬಿಡಬೇಕು. ಇವುಗಳಲ್ಲಿ ಒಂದಕ್ಕೆ ಅಡ್ಡಿಯಾದರೂ ಆ ಪೆಟ್ಟಿಗೆ ಕಾರಿಗೆ ಬೇಡ. ಆರಾಮ ಯಾವತ್ತೂ ಬ್ರೇಕಿಗಿಂತ, ಬೆಲ್ಟಿಗಿಂತ ದೊಡ್ಡದಲ್ಲ.

ರಟ್ಟು ಒಪ್ಪಿಗೆಯಾದ ಮೇಲೆ 12 ಎಂ.ಎಂ. ಪ್ಲೈವುಡ್. ಮನೆಗೆ ವಾರ್ಡ್‌ರೋಬ್ ಮಾಡಿಸಿದಾಗ ಉಳಿದ ತುಂಡುಗಳೇ ಸಾಕಾದವು. ಮೂಲೆಗಳಿಗೆ ಮೊಳೆ ಬೇಡ, ಫೆವಿಕಾಲ್ ಹಚ್ಚಿ ಸ್ಕ್ರೂ ಹಾಕಬೇಕು. ಕುಲುಕಾಟಕ್ಕೆ ಮೊಳೆ ಸಡಿಲಾಗಿ ಕಿರುಗುಟ್ಟಲು ಶುರುಮಾಡುತ್ತದೆ. ಮುಚ್ಚಳದ ಕೀಲು ಹಿಂಬದಿಗೆ. ಹೊರಮೂಲೆಗಳನ್ನೆಲ್ಲ ದುಂಡಗೆ ಉಜ್ಜಬೇಕು, ಅಪಘಾತವಾದರೆ ಮಂಡಿಗೆ, ಸೊಂಟಕ್ಕೆ ತಾಗುವುದು ಅವೇ. ಮುಚ್ಚಳದ ಮೇಲೆ ಎರಡು ಪದರ ಫೋಮ್, ಕೆಳಗೆ ಗಟ್ಟಿಯದು, ಮೇಲೆ ಮೆತ್ತನೆಯದು. ಬರೀ ಮೆತ್ತನೆಯದಾದರೆ ಮೊಣಕೈ ಮೂಳೆ ಮರಕ್ಕೇ ಹೋಗಿ ಮುಟ್ಟುತ್ತದೆ.

"ಮೇಲಕ್ಕೆ ರೆಗ್ಝಿನ್ ತಾನೆ?"

"ಬೇಡ ಅಣ್ಣ. ಏಪ್ರಿಲ್ ಬಿಸಿಲಲ್ಲಿ ಕಾರು ನಿಲ್ಸಿದ್ರೆ ಅದು ಸುಡುತ್ತೆ, ಬೆವರಿಗೆ ಅಂಟ್ಕೊಳ್ಳುತ್ತೆ. ದಪ್ಪ ಹತ್ತಿ ಬಟ್ಟೇಲಿ ಗವಸು ಹೊಲಿಸಿದೀನಿ. ಕೊಳೆಯಾದ್ರೆ ತೆಗೆದು ಒಗೀಬಹುದು."

ಇನ್ನು ಅದನ್ನು ಕಾರಿಗೆ ಕಟ್ಟುವ ವಿಷಯ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಡ್ರಿಲ್ ಹಿಡಿದು ನೆಲಕ್ಕೆ ಹೊಸ ತೂತು ಕೊರೆಯಬಾರದು. ಹ್ಯಾಂಡ್‌ಬ್ರೇಕಿನ ಕೇಬಲ್ಲು, ವೈರುಗಳು ಅಲ್ಲೇ ಓಡಾಡುತ್ತವೆ. ಏರ್‌ಬ್ಯಾಗ್ ಇರುವ ಎಷ್ಟೋ ಕಾರುಗಳಲ್ಲಿ ಅದನ್ನು ನಿಯಂತ್ರಿಸುವ ಪೆಟ್ಟಿಗೆಯೂ ಗೇರಿನ ಆಸುಪಾಸಿನಲ್ಲೇ, ಪ್ಲಾಸ್ಟಿಕ್ ಕೆಳಗೆ ಕೂತಿರುತ್ತದೆ. ಕಂಪನಿಯವರೇ ಸ್ಕ್ರೂ ಹಾಕಿದ ಜಾಗವಿದ್ದರೆ ಅದಕ್ಕೇ ಒಂದು ಪಟ್ಟಿ ಕೊಟ್ಟು ಬಿಗಿಯಬೇಕು. ನನ್ನ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಹಿಂದೆ ಅಂಥ ಎರಡು ಸ್ಕ್ರೂ ಇದ್ದವು. ಒಳಗೆ ಚಿಲ್ಲರೆ, ಟೋಲ್ ಚೀಟಿ, ಒರೆಸುವ ಬಟ್ಟೆ ಇಷ್ಟೇ. ಭಾರದ ಸಾಮಾನು ತುಂಬುವ ಜಾಗ ಅದಲ್ಲ.

ಅಣ್ಣ ಬೇಲಿ ಸುತ್ತಿಕೊಂಡು ಬಂದು, ಕಾರಿನಲ್ಲಿ ಕೂತು ಕೈಯಿಟ್ಟು ನೋಡಿದರು. ಅವರು ನನಗಿಂತ ಗೇಣುದ್ದ ಎತ್ತರ. ಸ್ವಲ್ಪ ಹೊತ್ತು ಅತ್ತಿತ್ತ ಸರಿದು, "ನಂಗೆ ತಗ್ಗಾಯ್ತಲ್ಲಪ್ಪ" ಅಂದರು. ಮರುಕ್ಷಣವೇ, "ಇರ್ಲಿ ಬಿಡು, ನಮ್ಮ ಹುಡುಗನ ಕಾರಿಗೂ ಇದೇ ಅಳತೇಲಿ ಒಂದು ಮಾಡ್ಕೊಡು" ಅಂತ ಕೇಳಿದರು. ಮಗ ವಾರಕ್ಕೊಮ್ಮೆ ಬೆಂಗಳೂರಿನಿಂದ ಬರುತ್ತಾನೆ, ಬಂದವನು ಹೆಗಲು ಒತ್ತಿಕೊಳ್ಳುತ್ತಲೇ ಇರುತ್ತಾನಂತೆ.

ಮಾಡಿಕೊಡುತ್ತೇನೆ, ಆದರೆ ಇದೇ ಅಳತೆಯಲ್ಲಿ ಅಲ್ಲ ಅಂದೆ. ಕೈಯಲ್ಲಿ ಮಾಡಿದ ವಸ್ತುವಿಗೆ ಬೆಲೆ ಬರುವುದು ಅದು ಒಬ್ಬರ ಮೈಗೆ ಒಪ್ಪುವುದರಿಂದ. ನನ್ನ ಅಚ್ಚಿನಲ್ಲಿ ಅವನಿಗೆ ಮಾಡಿಕೊಟ್ಟರೆ ಅಂಗಡಿಯದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವನ ಹೆಗಲು ಆಗಲೂ ನೋಯುತ್ತದೆ. ಪ್ಲೈವುಡ್ ತುಂಡು ಇನ್ನೂ ಉಳಿದಿದೆ, ಫೋಮೂ ಇದೆ. ಭಾನುವಾರ ಅವನು ಬಂದಾಗ ಕಾರನ್ನೂ ಅವನನ್ನೂ ಕರೆದುಕೊಂಡು ಬನ್ನಿ ಅಣ್ಣ, ಒಂದು ದೊಡ್ಡ ರಟ್ಟಿನ ಡಬ್ಬವೂ ಇರಲಿ. ಮೊದಲು ಅವನ ಮೊಣಕೈ ಅಳೆಯೋಣ.