ಗೌಡರ ಗಾಡಿ, ತ್ಯಾವರೆಕೊಪ್ಪದ ಹುಲಿ

"14 ವರ್ಷದ ಗಾಡಿ ಕೊಟ್ಟು 8 ವರ್ಷದ್ದು ತಗೊಂಡ್ರೆ ಲಾಭ ಅಲ್ವೇನ್ರೀ?" ಇದು ಶಿವಮೊಗ್ಗ ಪಕ್ಕದ ತ್ಯಾವರೆಕೊಪ್ಪದ ಗೌಡರ ವಾದ. ಹೊಸದರಲ್ಲಿ 70 ಲಕ್ಷವಿದ್ದ ಜರ್ಮನ್ ಎಸ್‌ಯುವಿ ಈಗ 15ಕ್ಕೆ ಸಿಗುತ್ತದಂತೆ. ಸಿಗಲಿ, ಗೌಡ್ರೇ. ಇಳಿದಿರುವುದು ಗಾಡಿಯ ಬೆಲೆ. ಬಿಡಿಭಾಗಗಳು ಇನ್ನೂ 70 ಲಕ್ಷದ ಗತ್ತಿನಲ್ಲೇ ಇವೆ. ಏರ್ ಸಸ್ಪೆನ್ಷನ್ ಸೋರಿದರೆ ಗಾಡಿ ಅಂಗಳದಲ್ಲೇ ಮಂಡಿಯೂರುತ್ತದೆ, ಬಿಲ್ಲು ನೋಡಿದ ಮೇಲೆ ಮಾಲೀಕರೂ ಊರುತ್ತಾರೆ. "ನಮ್ಮ ಮಳೆಗಾಲದ ರಸ್ತೆಗೆ ಎತ್ತರದ ಗಾಡಿ ಬೇಡ್ವಾ?" ಬೇಕು. ಬೊಲೆರೋ ಕೂಡ ಎತ್ತರವೇ. ಅದನ್ನು ಬಿಚ್ಚಿ ಕಟ್ಟುವ ಕೈಗಳು ಶಿವಮೊಗ್ಗದಲ್ಲೂ ಇವೆ, ಭದ್ರಾವತಿಯಲ್ಲೂ ಇವೆ. ಜರ್ಮನ್ ಗಾಡಿ ಕೈಕೊಟ್ಟರೆ ಲಾರಿ ಏರಿ ಬೆಂಗಳೂರು ನೋಡಲು ಹೊರಡುತ್ತದೆ, ಸುಮಾರು 300 ಕಿ.ಮೀ.

"ಬೊಲೆರೋದಲ್ಲಿ ಇಳಿದ್ರೆ ಮರ್ಯಾದೆ ಏನುಳೀತು?" ಮದುವೆಮನೆಯಲ್ಲಿ ಗಾಡಿ ಬಾಗಿಲಲ್ಲಿ ನಿಲ್ಲುವುದು ಎರಡು ನಿಮಿಷ, ಆಮೇಲೆ ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಬಾಳೆಲೆ. ಊರಿನ ಹುಲಿ-ಸಿಂಹಧಾಮವಂತೂ ಇನ್ನೂ ನಿಷ್ಠುರ: ಯಾವ ಗಾಡಿಯಲ್ಲಿ ಬಂದರೂ ಹೊರಗೆ ನಿಲ್ಲಿಸಿ, ಸಫಾರಿ ವಾಹನ ಹತ್ತಬೇಕು. "ಹಾಗಾದ್ರೆ ಹಳೇದನ್ನೇ ಇಟ್ಕೋತೀನಿ" ಎನ್ನುವುದೂ ಸುಲಭವಲ್ಲ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ತಪಾಸಣೆ, ಶುಲ್ಕ, ನವೀಕರಣ. ಆದ್ದರಿಂದ ಮಾರಿ, ಗೌಡ್ರೇ, ಊರಲ್ಲೇ ರಿಪೇರಿಯಾಗುವ ಗಾಡಿ ಕೊಳ್ಳಿ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಬೀಳುವ ತನಕ, ಆ ಗಾಡಿಯ ಮೇಲೆ ಸಾಲವಿದ್ದರೆ ಅದು ತೀರಿತೆನ್ನುವ ಬ್ಯಾಂಕಿನ ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಮಾತ್ರ ಕೊಡಬೇಡಿ.