ಗ್ರಂಥಪಾಲ ಕ್ಷೇಮ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಅದರಂತೆ, ವಿಷಯ: ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗ್ರಂಥಪಾಲಕರ ವೃತ್ತಿಕ್ಷೇಮ. ಪ್ರಯೋಜನ: ಐಎಸ್‌ಎಸ್‌ಎನ್ ಇರುವ ಯಾವುದಾದರೂ ಪತ್ರಿಕೆಯಲ್ಲಿ ಅಚ್ಚಾದರೆ ನಮಗೆ ಒಂದಿಷ್ಟು ಅಂಕ. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಇಲ್ಲ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹತೆ ಉಳ್ಳವನು: ಲೈಬ್ರರಿಗೆ ಮರಳಿಸಬೇಕಾದ ಪುಸ್ತಕ ಒಂದನ್ನೂ ಮನೆಯಲ್ಲಿ ಇಟ್ಟುಕೊಳ್ಳದವನು. ಈ ಕೊನೆಯ ಷರತ್ತು ಹಾಕಿದರೆ ಓದುಗರೇ ಉಳಿಯುವುದಿಲ್ಲವಾದ್ದರಿಂದ ಈ ಒಂದು ಸಲಕ್ಕೆ ಸಡಿಲಿಸಿದ್ದೇವೆ.

ಇನ್ನು ಈ ಶಾಸ್ತ್ರವನ್ನು ಯಾವ ಕಪಾಟಿನಲ್ಲಿ ಇಡತಕ್ಕದ್ದು? ಮೆಲ್ವಿಲ್ ಡ್ಯೂಯಿ 1876ರಲ್ಲಿ ಲೋಕದ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ ಅಂಕಿ ಹಚ್ಚಿದ. ಗ್ರಂಥಾಲಯ ವಿಜ್ಞಾನಕ್ಕೆ 020, ಕೆಲಸದ ಜಾಗದ ಮನಶ್ಶಾಸ್ತ್ರಕ್ಕೆ 158.7, ದುಡಿಮೆಗಾರರ ಸಂಗತಿಗೆ 331. ಇವುಗಳಲ್ಲಿ ನಮ್ಮದು ಯಾವುದೆಂದು ಗ್ರಂಥಪಾಲಕಿಯೊಬ್ಬರನ್ನು ಕೇಳಿದೆವು. ಅವರು ಹಸ್ತಪ್ರತಿ ತಿರುವಿ ನೋಡಿ, ಮೂಲೆಯಲ್ಲಿ ಪೆನ್ಸಿಲ್ಲಿನಿಂದ 894.8147 ಎಂದು ಬರೆದುಕೊಟ್ಟರು. ಅದು ಕನ್ನಡ ಹಾಸ್ಯ ಸಾಹಿತ್ಯದ ಸಂಖ್ಯೆ. ಪಾಂಡಿತ್ಯಕ್ಕೆ ಇದಕ್ಕಿಂತ ಅವಮಾನವಿಲ್ಲ, ಆದರೂ ಒಪ್ಪಿಕೊಂಡೆವು. ವರ್ಗೀಕರಣದಲ್ಲಿ ಗ್ರಂಥಪಾಲಕರ ಮಾತೇ ಅಂತಿಮ. ಇಡೀ ಕಾಲೇಜಿನಲ್ಲಿ ಅವರ ಮಾತು ಅಂತಿಮವಾಗುವುದು ಅದೊಂದರಲ್ಲಿ ಮಾತ್ರ.

ಈ ಶಾಸ್ತ್ರಕ್ಕೆ ಪ್ರಾಚೀನ ಸೂತ್ರಕಾರರಾರೂ ಸಿಗಲಿಲ್ಲ. ಹಾಗಾಗಿ ಸೂತ್ರವನ್ನೂ ನಾವೇ ರಚಿಸಿ, ಭಾಷ್ಯವನ್ನೂ ನಾವೇ ಬರೆದು, ಭಾಷ್ಯದಲ್ಲಿ ಸೂತ್ರಕಾರರನ್ನು ಮನಸಾರೆ ಹೊಗಳಿದ್ದೇವೆ.

ಪ್ರಥಮ ಸೂತ್ರ: ಕೂತವನು ಬಿಡುವಾಗಿದ್ದಾನೆ.

ಭಾಷ್ಯ: ಆಹಾ, ಎಂಥ ಅಡಕ! ಇದನ್ನು ನ್ಯಾಯಶಾಸ್ತ್ರದ ಐದು ಅವಯವಗಳಿಂದ ಸಾಧಿಸಬಹುದು. ಪ್ರತಿಜ್ಞೆ: ಗ್ರಂಥಪಾಲಕ ಬಿಡುವಾಗಿದ್ದಾನೆ. ಹೇತು: ಕುರ್ಚಿಯಲ್ಲಿ ಕೂತಿರುವುದರಿಂದ. ಉದಾಹರಣೆ: ಯಾರು ಯಾರು ಕುರ್ಚಿಯಲ್ಲಿ ಕೂತಿರುತ್ತಾರೋ ಅವರೆಲ್ಲ ಬಿಡುವಾಗಿರುತ್ತಾರೆ. ಉಪನಯ: ಈತನೂ ಕೂತಿದ್ದಾನೆ. ನಿಗಮನ: ಆದ್ದರಿಂದ ಈತನಿಗೆ ಇಂಟರ್ನಲ್ ಪರೀಕ್ಷೆಯ ಮೇಲ್ವಿಚಾರಣೆ ಹಾಕಿ. ಪ್ರಾಂಶುಪಾಲರೂ ದಿನವಿಡೀ ಕೂತೇ ಇರುತ್ತಾರಲ್ಲ, ಹೇತು ಕೆಟ್ಟಿತಲ್ಲ ಎಂದು ತಾರ್ಕಿಕರು ಆಕ್ಷೇಪಿಸಿಯಾರು. ಸಮಾಧಾನ: ಪ್ರಾಂಶುಪಾಲರ ಕುರ್ಚಿಯ ಬೆನ್ನಿಗೆ ಟವೆಲ್ ಹಾಕಿದೆ. ಟವೆಲ್ ಇರುವ ಕುರ್ಚಿಯಲ್ಲಿ ಕೂರುವುದು ಕಾರ್ಯಭಾರ, ಇಲ್ಲದ್ದರಲ್ಲಿ ಕೂರುವುದು ವಿರಾಮ.

ಈ ನಿಗಮನದ ಬಲದಿಂದಲೇ ನಮ್ಮ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿವೆ. ಹೊಸ ಪುಸ್ತಕಗಳನ್ನು ಅಕ್ಸೆಷನ್ ರಿಜಿಸ್ಟರಿಗೆ ಏರಿಸುವುದು, ಕಂಪ್ಯೂಟರಿಗೆ ತುಂಬುವುದು, ಬೆನ್ನಿಗೆ ನಂಬರು ಅಂಟಿಸುವುದು, ಇ-ಪುಸ್ತಕಗಳ ಎನ್-ಲಿಸ್ಟ್ ಪಾಸ್‌ವರ್ಡ್ ಮರೆತ ಅಧ್ಯಾಪಕರಿಗೆ ಹೊಸದು ಕೊಡಿಸುವುದು, ಅವರು ಅದನ್ನೂ ಮರೆತ ಮೇಲೆ ಮತ್ತೊಂದು ಕೊಡಿಸುವುದು, ಇವೆಲ್ಲ ಕೂತೇ ಮಾಡುವ ಕೆಲಸವಾದ್ದರಿಂದ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ಪ್ರವೇಶಾತಿ ಸಮಿತಿ, ಸ್ಕಾಲರ್‌ಶಿಪ್ ಅರ್ಜಿ, ಚುನಾವಣಾ ತರಬೇತಿ, ವಾರ್ಷಿಕೋತ್ಸವದ ಹೂಗುಚ್ಛ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ವರ್ಷವಂತೂ ದಿನಕ್ಕೆ ಎಷ್ಟು ಮಂದಿ ಲೈಬ್ರರಿಗೆ ಬಂದರು ಎಂಬ ರಿಜಿಸ್ಟರಿಗೆ ಎಲ್ಲಿಲ್ಲದ ಗೌರವ. ಬಂದವರಲ್ಲಿ ಅರ್ಧ ಮಂದಿ ಫ್ಯಾನಿನ ಕೆಳಗಿನ ಜಾಗಕ್ಕೆ, ಮಿಕ್ಕವರು ಮೊಬೈಲ್ ಚಾರ್ಜಿಂಗಿಗೆ ಬಂದಿರುತ್ತಾರೆ. ಮೂಲೆಯ ಮೇಜಿನಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು ಬೆಳಗಿನಿಂದ ಸಂಜೆತನಕ ಅಲ್ಲಾಡದೆ ಕೂತಿರುತ್ತಾರೆ, ತಮ್ಮದೇ ಪುಸ್ತಕ ಹಿಡಿದು. ಸಹಿ ಎಲ್ಲರದೂ ಸಹಿಯೇ.

ಕೂತವರ ಪಾಲಿಗೆ ಈಚೆಗೆ ಬಂದ ಕೆಲಸ ಕೃತಿಚೌರ್ಯ ತಪಾಸಣೆ. ಯುಜಿಸಿ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಮಹಾಪ್ರಬಂಧದ ಹೋಲಿಕೆ ಶೇಕಡಾ 10ರ ತನಕ ಇದ್ದರೆ ದಂಡವಿಲ್ಲ. 40ರ ತನಕ ಹೋದರೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ತಪಾಸಣೆ ಮಾಡುವುದು ತಂತ್ರಾಂಶ. ಆದರೆ ತಂತ್ರಾಂಶಕ್ಕೆ ಮುಖವಿಲ್ಲ, ಮೇಜಿಲ್ಲ. ಅವೆರಡೂ ಇರುವವರು ವಿಶ್ವವಿದ್ಯಾಲಯದ ಗ್ರಂಥಪಾಲಕರು. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ನಡೆಯುವ ಶಾಸ್ತ್ರಾರ್ಥ ಹೀಗಿರುತ್ತದೆ.

“ಸಾರ್, ಹದಿನಾಲ್ಕು ಬಂದಿದೆಯಂತೆ.”

“ಹೌದಪ್ಪ. ರಿಪೋರ್ಟ್ ತಗೊಂಡು ಹೋಗಿ ತಿದ್ದಿಕೊಂಡು ಬಾ.”

“ಹತ್ತು ಮಾಡಿಕೊಡಿ ಸಾರ್. ಬೀದರಿಂದ ಬಂದೀನಿ.”

“ಅದು ಮಿಷನ್ನಿನ ಲೆಕ್ಕ ಮಾರಾಯ, ನನ್ನ ಕೈಲಿಲ್ಲ.”

“ಹನ್ನೊಂದಾದರೂ ಮಾಡಿ ಸಾರ್.”

ಸಂತೆಯಲ್ಲಿ ಬದನೆಕಾಯಿಗೆ ನಡೆಯುವ ಚೌಕಾಸಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಅಲ್ಲಿ ಮಾರುವವನಿಗೆ ಬೆಲೆ ಇಳಿಸುವ ಅಧಿಕಾರವಿದೆ. ಸ್ವಲ್ಪ ಹೊತ್ತಿಗೆ ಮಾರ್ಗದರ್ಶಕರದೇ ಫೋನು ಬರುತ್ತದೆ. “ಏನ್ರೀ, ನಮ್ಮ ಹುಡುಗನದು ಏನೋ ತೊಂದರೆ ಮಾಡಿದೀರಂತೆ?” ಕದ್ದ ಪ್ಯಾರಾ ಶಿಷ್ಯನದು, ಓದದೆ ಸಹಿ ಹಾಕಿದ ಕೈ ಗುರುವಿನದು, ತೊಂದರೆ ಮಾಡಿದವರು ಗ್ರಂಥಪಾಲಕರು. ಕನ್ನಡ ವಿಭಾಗದ ಮಹಾಪ್ರಬಂಧಗಳು ಮಾತ್ರ ಬಹುಮಟ್ಟಿಗೆ ನಿಷ್ಕಳಂಕವಾಗಿ ಹೊರಬೀಳುತ್ತವೆ. ಕನ್ನಡ ಸಂಶೋಧಕರ ಪ್ರಾಮಾಣಿಕತೆಗೆ ಇದು ಸಾಕ್ಷಿ ಎನ್ನಬಹುದು. ಹೋಲಿಸಿ ನೋಡಲು ತಂತ್ರಾಂಶಕ್ಕೆ ಸಾಕಷ್ಟು ಕನ್ನಡ ಪಠ್ಯ ಸಿಗುವುದಿಲ್ಲ ಎಂದೂ ಹೇಳಬಹುದು. ನಾವು ಕನ್ನಡದವರಾದ್ದರಿಂದ ಮೊದಲನೆಯದನ್ನೇ ಎತ್ತಿಹಿಡಿಯುತ್ತೇವೆ.

ದ್ವಿತೀಯ ಸೂತ್ರವನ್ನು ಗೆದ್ದಲು ತಿಂದಿದೆ. ಔಷಧಿ ಹೊಡೆಸಲು ಕಳಿಸಿದ ಟಿಪ್ಪಣಿ ಲೆಕ್ಕಪತ್ರ ಶಾಖೆಯಲ್ಲಿದೆ.

ತೃತೀಯ ಸೂತ್ರ: ಸೇವೆಗೆ ಸಂಕಟವಿಲ್ಲ.

ಭಾಷ್ಯ: ಪುಸ್ತಕವೆಂದರೆ ಸರಸ್ವತಿ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಸರಸ್ವತಿಯ ಪಕ್ಕದಲ್ಲೇ ದಿನವಿಡೀ ಇರುವವರಿಗೆ ಸಂಬಳ ಸಿಗುತ್ತಿರುವುದೇ ಹೆಚ್ಚು, ಅದರ ಮೇಲೆ ಬೇಸರವೂ ಆಗುತ್ತದೆಂದರೆ ಪಾಪ ಬರುತ್ತದೆ. ಈ ಸಿದ್ಧಾಂತ ನಮ್ಮದೊಂದೇ ಅಲ್ಲ. ಅಮೆರಿಕದ ಗ್ರಂಥಪಾಲಕಿ ಫೊಬಾಜಿ ಎಟ್ಟಾರ್ 2018ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಲೈಬ್ರರಿ ಕೆಲಸವನ್ನು ಪವಿತ್ರವೆಂದು ಪೀಠದ ಮೇಲೆ ಕೂರಿಸುವುದೇ ಅಲ್ಲಿನ ಸಂಬಳ, ದುಡಿಮೆ, ದಣಿವಿನ ಬಗ್ಗೆ ಯಾರೂ ಬಾಯಿ ಬಿಡದಂತೆ ಮಾಡಿದೆ ಎಂದು ವಾದಿಸಿದರು. ಅದು ನಮ್ಮ ಪಾಲಿಗೆ ಪೂರ್ವಪಕ್ಷ. ಖಂಡಿಸಬೇಕೆಂದು ಓದಲು ಕೂತೆವು. ಖಂಡಿಸುವಂಥದ್ದು ಸಿಗದ ಕಾರಣ ಮುಂದಿನ ಮಾತಿಗೆ ಹೋಗುತ್ತೇವೆ.

ಆಗಸ್ಟ್ 12, ಗ್ರಂಥಪಾಲಕರ ದಿನ. ಎಸ್. ಆರ್. ರಂಗನಾಥನ್ ಅವರ ಪಟಕ್ಕೆ ಹಾರ. ಗಣಿತದ ಮೇಷ್ಟ್ರಾಗಿದ್ದ ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ನಿಯಮಗಳ ಪುಸ್ತಕ ತಂದರು, 1933ರಲ್ಲಿ ಕೋಲನ್ ವರ್ಗೀಕರಣ. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ಇಲ್ಲಿ ಗ್ರಂಥಾಲಯ ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಮುಖ್ಯ ಅತಿಥಿಗಳಿಗೆ ಇದೆಲ್ಲ ಬೇಕಿಲ್ಲ. ಅವರಿಗೆ ಗೊತ್ತಿರುವುದು ಒಂದೇ ಸಂಗತಿ: ರಂಗನಾಥನ್ ದಿನಕ್ಕೆ ಹದಿಮೂರು ಗಂಟೆ ದುಡಿಯುತ್ತಿದ್ದರು, ರಜೆಯನ್ನೇ ಹಾಕುತ್ತಿರಲಿಲ್ಲ. ಇದನ್ನು ಹೇಳುವಾಗ ಅವರು ವೇದಿಕೆಯ ಅಂಚಿನಲ್ಲಿ ನೀರಿನ ಬಾಟಲಿ ಹಿಡಿದು ನಿಂತ ಲೈಬ್ರರಿ ಮೇಡಂ ಕಡೆಗೇ ನೋಡುತ್ತಾರೆ. ಮೇಡಂ ಅವರ ಸಾಂದರ್ಭಿಕ ರಜೆಯ ಅರ್ಜಿ ಅದೇ ಹೊತ್ತಿಗೆ ಪ್ರಾಂಶುಪಾಲರ ಮೇಜಿನ ಮೇಲಿರುತ್ತದೆ.

ಅತಿಥಿಗಳು ಬಿಟ್ಟುಬಿಡುವ ಭಾಗ ಇನ್ನೂ ಸ್ವಾರಸ್ಯವಾಗಿದೆ. ಹುದ್ದೆಗೆ ಸೇರಿದ ಹೊಸತರಲ್ಲಿ ರಂಗನಾಥನ್ ಅವರಿಗೆ ಅಲ್ಲಿ ಮಾಡಲು ಕೆಲಸವೇ ಕಾಣದೆ, ಆ ಏಕಾಂತ ತಡೆಯಲಾರದೆ, ಮರಳಿ ಪಾಠಕ್ಕೇ ಹೋಗುತ್ತೇನೆಂದು ಹಟ ಹಿಡಿದಿದ್ದರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂದು ಸಮಾಧಾನ ಮಾಡಿ ಕಳಿಸಬೇಕಾಯಿತು. ಅಂದರೆ ಆದಿಪುರುಷರ ವೃತ್ತಿಸಂಕಟಕ್ಕೆ ಮೇಲಿನವರು ಕೊಟ್ಟ ಮದ್ದು ವಿದೇಶ ವ್ಯಾಸಂಗ. ಇಂದು ಅದೇ ಸಂಕಟಕ್ಕೆ ಕೊಡುವ ಮದ್ದು ಕಾರಣ ಕೇಳುವ ನೋಟೀಸು.

ಚತುರ್ಥ ಸೂತ್ರ: ಕಳೆದದ್ದಕ್ಕೆಲ್ಲ ಕೂತವನೇ ಹೊಣೆ.

ಭಾಷ್ಯ: ಪುಸ್ತಕ ಬಳಸಿದರೆ ಕಳೆಯುತ್ತದೆ ಎಂಬುದು ಕೇಂದ್ರ ಸರ್ಕಾರಕ್ಕೂ ಗೊತ್ತು. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು, ವರ್ಷಕ್ಕೆ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜವೆಂದು ಒಪ್ಪುತ್ತದೆ, ಅಪ್ರಾಮಾಣಿಕತೆ, ಅಲಕ್ಷ್ಯ ಇರಬಾರದು ಅಷ್ಟೆ. ಆದರೆ ಸಾವಿರ ರೂಪಾಯಿ ಮೀರಿದ ಪುಸ್ತಕ ಹೋದರೆ ವಿಚಾರಣೆ ಆಗಲೇಬೇಕು. ಒಂದು ವೈದ್ಯಕೀಯ ಇಲ್ಲವೆ ಎಂಜಿನಿಯರಿಂಗ್ ಪಠ್ಯದ ಇಂದಿನ ಬೆಲೆ ನೋಡಿದವರಿಗೆ ಈ ಕೊನೆಯ ವಾಕ್ಯದ ಹಾಸ್ಯ ಬಿಡಿಸಿ ಹೇಳಬೇಕಿಲ್ಲ. ಅತ್ತ ಕಪಾಟುಗಳಿಗೆ ಬೀಗ ಬೇಡ, ವಿದ್ಯಾರ್ಥಿಗಳು ತಾವೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಇತ್ತ ನಿವೃತ್ತಿಯ ಮುಂಚೆ ಚಾರ್ಜು ಒಪ್ಪಿಸುವಾಗ ಒಂದೊಂದು ಪುಸ್ತಕಕ್ಕೂ ಲೆಕ್ಕ ಕೇಳುತ್ತಾರೆ.

ಅರ್ಥಶಾಸ್ತ್ರದಲ್ಲಿ ಕೌಟಿಲ್ಯ ಸರ್ಕಾರಿ ಹಣ ನುಂಗುವ ನಲವತ್ತು ಉಪಾಯಗಳನ್ನು ಎಣಿಸಿದ್ದಾನೆ. ಪುಸ್ತಕ ಒಯ್ದು “ನಾಳೆ ತರ್ತೀನಿ” ಅನ್ನುವ ನಲವತ್ತೊಂದನೆಯದು ಅವನಿಗೂ ಹೊಳೆಯಲಿಲ್ಲ. ತಮಾಷೆಯೆಂದರೆ, ಅವನ ಪುಸ್ತಕವೇ ಶತಮಾನಗಳ ಕಾಲ ಯಾರ ಕೈಗೂ ಸಿಗದೆ ಹೋಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿಗಳಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. ಗ್ರಂಥಪಾಲಕರು ಕಂಡುಹಿಡಿದದ್ದಕ್ಕೆ ಮೆಚ್ಚುಗೆ ಸಿಕ್ಕ ಉದಾಹರಣೆಗಾಗಿ ನೂರು ವರ್ಷ ಹಿಂದೆ ಹೋಗಬೇಕಾಯಿತು. ಕಳೆದುಕೊಂಡದ್ದಕ್ಕೆ ನೋಟೀಸು ಬಂದ ಉದಾಹರಣೆಗೆ ಅಷ್ಟು ದೂರ ಹೋಗಬೇಕಿಲ್ಲ.

ಏಪ್ರಿಲ್-ಮೇ ಸೆಕೆಯಲ್ಲಿ ಸ್ಟಾಕ್ ವೆರಿಫಿಕೇಶನ್ ನೋಡಬೇಕು. ಅಟೆಂಡರ್ ಏಣಿ ಹತ್ತಿ ಒಂದೊಂದೇ ಪುಸ್ತಕ ತೆರೆದು ನಂಬರು ಕೂಗುತ್ತಾನೆ. ಮೇಡಂ ಮೂಗಿಗೆ ಕರ್ಚೀಫು ಕಟ್ಟಿ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಾರೆ. ಫಿನೈಲ್ ಗುಳಿಗೆಯ ವಾಸನೆ, ಹಾಳೆಗಳ ನಡುವಿಂದ ಉದುರುವ ಬಸ್ ಟಿಕೆಟ್ಟು, ಹಾಲ್ ಟಿಕೆಟ್ಟು, ಯಾರೋ ಯಾರಿಗೋ ಬರೆದು ಕೊಡದೆ ಬಿಟ್ಟ ಚೀಟಿ. ಕಳೆದವೆಂದು ಬರೆದುಕೊಂಡ ಪುಸ್ತಕಗಳಲ್ಲಿ ಎಷ್ಟೋ ಅದೇ ಕೋಣೆಯಲ್ಲಿರುತ್ತವೆ. ಪರೀಕ್ಷೆ ಹತ್ತಿರವಾದಾಗ ಬೇರೆಯವರಿಗೆ ಸಿಗದಿರಲೆಂದು ಯಾವನೋ ಬುದ್ಧಿವಂತ ಗ್ರೇವಾಲರ ಎಂಜಿನಿಯರಿಂಗ್ ಗಣಿತವನ್ನು ಯಾರೂ ಮುಟ್ಟದ ಗೆಜೆಟಿಯರುಗಳ ಹಿಂದೆ ತುರುಕಿ, ಪಾಸಾಗಿ, ಊರು ಬಿಟ್ಟಿರುತ್ತಾನೆ.

ಕೊನೆಗೆ ಚಿಕಿತ್ಸಾ ಪ್ರಕರಣ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಎಂಬ ಕೆಲಸದ ಬಳಲಿಕೆಗೆ ಕ್ಯೂಡಿ 85 ಎಂಬ ಸಂಖ್ಯೆ ಕೊಟ್ಟಿದೆ. ಅದು ಕಾಯಿಲೆಯಲ್ಲ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಎಂದೂ ಹೇಳಿದೆ. ಪುಸ್ತಕಕ್ಕಿರುವಂತೆ ತಮ್ಮ ದಣಿವಿಗೂ ಒಂದು ಕಾಲ್ ನಂಬರ್ ಸಿಕ್ಕಿತೆಂದು ಗ್ರಂಥಪಾಲಕರಿಗೆ ಸಂತೋಷವಾಗಬೇಕು. ಆಡಳಿತವೂ ಸುಮ್ಮನಿಲ್ಲ, ‘ಒತ್ತಡ ನಿರ್ವಹಣೆ’ ಕಾರ್ಯಾಗಾರ ಏರ್ಪಡಿಸುತ್ತದೆ. ಬೇರೆ ಸಭಾಂಗಣ ಇಲ್ಲದ್ದರಿಂದ ಅದು ನಡೆಯುವುದು ಲೈಬ್ರರಿಯ ವಾಚನಾಲಯದಲ್ಲಿ. ಮೇಜು ಸರಿಸಿ ಕುರ್ಚಿ ಹಾಕಿಸುವವರು, ಮೈಕಿನವನಿಗೆ ಫೋನು ಮಾಡುವವರು, ಸಮೋಸ ಎಣಿಸುವವರು, ಹಾಜರಿ ಹಾಳೆ ತಿರುಗಿಸುವವರು, ಜಿಯೋಟ್ಯಾಗ್ ಇರುವ ಫೋಟೋ ತೆಗೆಸಿ ನ್ಯಾಕ್ ಕಡತಕ್ಕೆ ವರದಿ ಬರೆಯುವವರು ಯಾರೆಂದು ಪ್ರಥಮ ಸೂತ್ರವನ್ನು ಬಲ್ಲವರಿಗೆ ಹೇಳಬೇಕಿಲ್ಲ. ಸಂಪನ್ಮೂಲ ವ್ಯಕ್ತಿಗಳು ಎಲ್ಲರಿಗೂ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಳ್ಳಲು ಹೇಳಿದಾಗ ಮೇಡಂ ಹೊರಗೆ ಚಹಾ ಫ್ಲಾಸ್ಕಿನ ಹತ್ತಿರ ಇರುತ್ತಾರೆ.

ಸಿದ್ಧಾಂತ ಇಷ್ಟೇ: ಇಬ್ಬರ ಕೆಲಸಕ್ಕೆ ಒಬ್ಬರನ್ನಿಟ್ಟರೆ ಆ ಒಬ್ಬರು ದಣಿಯುತ್ತಾರೆ. ಖಾಲಿ ಬಿದ್ದಿರುವ ಸಹಾಯಕರ ಹುದ್ದೆ ತುಂಬುವುದನ್ನು ಬಿಟ್ಟು ಮಾಡುವ ಯಾವ ಕ್ಷೇಮೋಪಾಯಕ್ಕೂ ಪ್ರಮಾಣವಿಲ್ಲ, ಪ್ರಾಣಾಯಾಮವೂ ಸೇರಿದಂತೆ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದ ವಿದ್ಯಾರ್ಥಿಗೆ ನೋ ಡ್ಯೂ ಸರ್ಟಿಫಿಕೇಟು ಅದೇ ದಿನ ಸಿಗುತ್ತದೆ, ಸಂಶೋಧಕನಿಗೆ ಹೋಲಿಕೆ ಹತ್ತರೊಳಗೆ ಬರುತ್ತದೆ, ಪ್ರಾಂಶುಪಾಲರಿಗೆ ನ್ಯಾಕ್‌ನ ಎ ಪ್ಲಸ್ ಪ್ರಾಪ್ತವಾಗುತ್ತದೆ. ಪ್ರತಿಯಾಗಿ ಒಂದು ವಿನಂತಿ. ಲೈಬ್ರರಿಯಲ್ಲಿ ಪುಸ್ತಕ ತೆಗೆದು ನೋಡಿದ ಮೇಲೆ ಸಹಾಯವಾಗಲೆಂದು ನೀವೇ ಅದನ್ನು ಕಪಾಟಿಗೆ ಸೇರಿಸಲು ಹೋಗಬೇಡಿ, ಮೇಜಿನ ಮೇಲೆ ಬಿಟ್ಟು ಹೋಗಿ. ಅದರ ಜಾಗ ಎಲ್ಲಿ ಎಂಬುದು ಅವರಿಗೆ ಗೊತ್ತು.