ಮೂಗಿಲ್ಲದವನ ಬಿಯರ್ ಪಾಂಡಿತ್ಯ

ಐವತ್ತು ದಾಟಿದ ಗಂಡಸಿಗೆ ಯಾವುದಾದರೊಂದು ವಿಷಯದಲ್ಲಿ ಪಂಡಿತ ಅನ್ನಿಸಿಕೊಳ್ಳುವ ಹುಚ್ಚು ಹಿಡಿಯುತ್ತದೆ. ಕೆಲವರು ಷೇರು ಮಾರ್ಕೆಟ್ಟಿನ ಹಿಂದೆ ಬೀಳುತ್ತಾರೆ, ಕೆಲವರು ವಂಶವೃಕ್ಷ ಹತ್ತುತ್ತಾರೆ, ಇನ್ನು ಕೆಲವರು ಮಂಡಿ ನೋವಿಟ್ಟುಕೊಂಡೇ ಮ್ಯಾರಥಾನ್ ಓಡುತ್ತಾರೆ. ನಾನಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಲ್ಲಿ. ಇಲ್ಲಿ ತಿರುಗಿದ ಕಡೆಯಲ್ಲೆಲ್ಲ ಬಿಯರ್ ತಯಾರಿಸುವವರು. ಕ್ಷೌರದಂಗಡಿಯವನು ಕೂಡ ಕತ್ತರಿ ಆಡಿಸುತ್ತಲೇ ಹಾಪ್ಸ್ ಹೂವಿನ ಮೇಲೆ ಉಪನ್ಯಾಸ ಬಿಗಿಯುತ್ತಾನೆ. ಇಂಥ ಊರಲ್ಲಿದ್ದುಕೊಂಡು ‘ನನಗೆ ಯಾವ ಬಿಯರಾದರೂ ನಡೆಯುತ್ತೆ’ ಅಂದರೆ, ಉಡುಪಿಯಲ್ಲಿ ಹುಟ್ಟಿ ಸಾಂಬಾರೂ ಸಾರೂ ಒಂದೇ ಅಂದ ಹಾಗೆ. ಹಾಗಾಗಿ ನಾನೂ ಪಂಡಿತನಾಗಲು ಹೊರಟೆ.

ಐಪಿಎ ಕುಡಿಯೋಣವೆಂದರೆ ಆ ಕಹಿ ನನ್ನಿಂದಾಗದು. ಸ್ಟೌಟ್ ಕುಡಿದರೆ ಆಮೇಲೆ ಊಟ ಸೇರದು. ಎರಡರ ಮಧ್ಯೆ ಸಿಕ್ಕಿದ್ದು ಅಂಬರ್ ಏಲ್. ತಾಮ್ರದ ಬಣ್ಣ, ಹುರಿದ ಮಾಲ್ಟಿನ ಸಿಹಿ, ಕೊನೆಯಲ್ಲಿ ಹಿತವಾದ ಕಹಿ, ಮದ್ಯದ ಅಂಶ ಸಾಮಾನ್ಯವಾಗಿ ಶೇಕಡಾ 4.5ರಿಂದ 6.2ರವರೆಗೆ. ಯಾರ ತಂಟೆಗೂ ಹೋಗದ ಬಿಯರ್. “ನನ್ನ ಸ್ವಭಾವಕ್ಕೆ ಒಪ್ಪುತ್ತೆ” ಅಂದೆ. “ಹೂಂ, ಮಧ್ಯಮ ವರ್ಗ” ಅಂದಳು ಹೆಂಡತಿ.

ಪಾಂಡಿತ್ಯಕ್ಕೆ ಬೇಕಾದ ಸಲಕರಣೆ ತರಿಸಿದೆ. ತೊಗಲು ರಟ್ಟಿನ ಒಂದು ನೋಟ್‌ಬುಕ್, ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಒಂದು ಟ್ಯುಲಿಪ್ ಗ್ಲಾಸು, ಓದಲು ಮೈಕಲ್ ಜಾಕ್ಸನ್. ಗಾಬರಿಯಾಗಬೇಡಿ, ಇವರು ಕುಣಿಯುವವರಲ್ಲ. 1977ರಲ್ಲಿ ‘ದ ವರ್ಲ್ಡ್ ಗೈಡ್ ಟು ಬಿಯರ್’ ಬರೆದು ಬಿಯರನ್ನು ಬಗೆಬಗೆಯಾಗಿ ವಿಂಗಡಿಸಿ ಜಗತ್ತಿಗೆ ಕಲಿಸಿದ ಇಂಗ್ಲಿಷ್ ಬರಹಗಾರ. ಆರು ತಿಂಗಳಿಗೆಂದು ಹಾಸನದ ಕಡೆಯಿಂದ ಬಂದಿದ್ದ ನಮ್ಮ ಮಾವನವರು ಪುಸ್ತಕದ ಮೇಲಿನ ಹೆಸರು ಓದಿ ಮಗಳನ್ನು ಒಳಗೆ ಕರೆದರು. “ಈ ವಯಸ್ಸಲ್ಲಿ ಡ್ಯಾನ್ಸ್ ಕಲೀತಿದಾರೇನಮ್ಮ? ಸೊಂಟ ಹಿಡ್ಕೊಂಡ್ರೆ ಇಲ್ಲಿ ಆಸ್ಪತ್ರೆ ಖರ್ಚು ಜಾಸ್ತಿಯಂತೆ.”

ಮಾವನವರ ಬಗ್ಗೆ ಎರಡು ಮಾತು. ಕಾಫಿ ಕ್ಯೂರಿಂಗ್ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಮದ್ಯ ಮುಟ್ಟಿದವರಲ್ಲ. ಕಾಫಿ ಮಾತ್ರ ಇಡೀ ಬೀದಿಗೆ ಕೇಳುವ ಹಾಗೆ ‘ಸೊರ್’ ಎಂದು ಸೀಪಿ ಕುಡಿಯುತ್ತಾರೆ. ಅಮೆರಿಕನ್ ಸ್ನೇಹಿತರೆದುರು ಆ ಸದ್ದಿಗೆ ನಾನು ನಾಚಿ ನೆಲ ನೋಡಿದ್ದುಂಟು.

ನನ್ನ ಮೊದಲ ಉಪನ್ಯಾಸ ಊಟದ ಟೇಬಲ್ಲಿನಲ್ಲೇ ನಡೆಯಿತು. 1983ರಲ್ಲಿ ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಎಂಬ ಪುಟ್ಟ ಊರಲ್ಲಿ ಮೆಂಡೊಸಿನೊ ಎಂಬ ಬ್ರೂವರಿ ಶುರುವಾಯಿತು, ಅದರ ರೆಡ್ ಟೇಲ್ ಏಲ್ ಎಂಬ ಅಂಬರ್ ಹೆಸರು ಮಾಡಿತು ಎಂದೆ. 1997ರಲ್ಲಿ ಆ ಕಂಪನಿಯ ಹಿಡಿತ ವಿಜಯ ಮಲ್ಯರ ಯುಬಿ ಗುಂಪಿಗೆ ಬಂತು ಎಂದಾಗ ಮಾವನವರು ತುತ್ತು ನಿಲ್ಲಿಸಿ, “ಆಮೇಲೆ?” ಅಂದರು. “2018ರಲ್ಲಿ ಬಾಗಿಲು ಹಾಕಿತು.” ಮಾವನವರು ತಲೆಯಾಡಿಸಿ ಮತ್ತೆ ಅನ್ನ ಕಲೆಸಿದರು. ಅವರಿಗೆ ಅಷ್ಟು ಸಾಕಾಗಿತ್ತು.

ಸೋಲೊಪ್ಪದೆ ನಮ್ಮೂರಿನ ಕಥೆಗೇ ಬಂದೆ. ಜೆಫ್ ಲೆಬೆಶ್ ಎಂಬಾತ ಬೆಲ್ಜಿಯಂನಲ್ಲಿ ಸೈಕಲ್ ತುಳಿದು ಬಂದು, ತನ್ನ ಮನೆಯ ಬೇಸ್‌ಮೆಂಟಿನಲ್ಲಿ ಬಿಯರ್ ಕುದಿಸಿ, 1991ರಲ್ಲಿ ನ್ಯೂ ಬೆಲ್ಜಿಯಂ ಕಂಪನಿ ಕಟ್ಟಿದ. ದಪ್ಪ ಟೈರಿನ ಆ ಸೈಕಲ್ಲಿನ ನೆನಪಿಗೆ ಇಟ್ಟ ಹೆಸರೇ ಫ್ಯಾಟ್ ಟೈರ್ ಅಂಬರ್ ಏಲ್. “ನೋಡು, ಬೇಸ್‌ಮೆಂಟಲ್ಲಿ ಕೂತ ಗಂಡ ಎಂಥ ಸಾಧನೆ ಮಾಡಬಲ್ಲ!” ಅಂದೆ. ಹೆಂಡತಿ ಫೋನಿನಲ್ಲಿ ಏನೋ ಹುಡುಕಿದಳು. “ಅವನು ಕುದಿಸಿದ. ಆಗ ಹೆಂಡತಿಯಾಗಿದ್ದ ಕಿಮ್ ಜೋರ್ಡನ್ ಬಾಟಲಿ ತುಂಬಿಸಿ, ಮಾರಿ, ಎಷ್ಟೋ ವರ್ಷ ಕಂಪನಿ ನಡೆಸಿದಳಂತೆ. ನಿಮ್ಮ ಸೈಕಲ್ ಗ್ಯಾರೇಜಲ್ಲಿದೆ. ಟೈರಲ್ಲಿ ಗಾಳಿ ಇಲ್ಲ.” ಸಾಲದ್ದಕ್ಕೆ ಆ ಫ್ಯಾಟ್ ಟೈರ್ ಕೂಡ 2023ರಲ್ಲಿ ರೆಸಿಪಿ ಬದಲಿಸಿಕೊಂಡು, ಅಂಬರ್ ಪದವಿ ಬಿಟ್ಟು ಹೊಂಬಣ್ಣಕ್ಕೆ ತಿರುಗಿದೆ. ನಾನು ಯಾವ ಪಕ್ಷ ಸೇರಿದರೂ ಅದರ ಮುಖಂಡರು ಮೊದಲೇ ಹೊರಗೆ ಹೋಗಿರುತ್ತಾರೆ.

ಇನ್ನು ಫ್ರಿಜ್ಜು. ಯಾರ ಮನೆಯಲ್ಲಾದರೂ ಗಂಡನಿಗೆ ಫ್ರಿಜ್ಜಿನಲ್ಲಿ ಸ್ವಂತ ಜಾಗ ಇದೆಯೇ? ನಮ್ಮಲ್ಲಂತೂ ದೋಸೆ ಹಿಟ್ಟು, ಮೊನ್ನೆಯ ಹುಳಿ, ನಿನ್ನೆಯ ಹುಳಿ, ಇಂಡಿಯನ್ ಸ್ಟೋರಿನ ಕರಿಬೇವು, ಯಾರೂ ತಿನ್ನದ ಆದರೆ ಯಾರೂ ಎಸೆಯದ ಒಂದು ಡಬ್ಬಿ. ಇವುಗಳ ಸಂದಿಯಲ್ಲಿ ನನ್ನ ಬಾಟಲಿಗಳು ಅಡ್ಡಡ್ಡ ಮಲಗಿದ್ದವು. ಅಂಬರ್ ಏಲನ್ನು ಐಸಿನ ಹಾಗೆ ಕುಡಿಯಬಾರದು. ತೀರಾ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ವಾಸನೆ ಮೇಲೇಳುವುದಿಲ್ಲ. 7ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಅದಕ್ಕೆ ಕುಡಿಯುವ ಮುಂಚೆಯೇ ತೆಗೆದು ಕಟ್ಟೆಯ ಮೇಲೆ ಇಡುತ್ತಿದ್ದೆ. ಹೆಂಡತಿ ‘ಮರೆತಿದಾರೆ ಪಾಪ’ ಎಂದು ಒಳಗಿಡುತ್ತಿದ್ದಳು. ನಾನು ತೆಗೆಯುತ್ತಿದ್ದೆ. ಅತ್ತೆ ಒಳಗಿಡುತ್ತಿದ್ದರು. ಕೊನೆಗೆ ಯಾರ ಕಣ್ಣಿಗೂ ಬೀಳದ ಜಾಗ ಎಂದು ಅವನ್‌ ಒಳಗೆ ಇಟ್ಟೆ. ಚಳಿಗಾಲದಲ್ಲಿ ಕನ್ನಡಿಗರ ಮನೆಯ ಅವನ್‌ನಲ್ಲಿ ಲೈಟು ಹಾಕಿ ದೋಸೆ ಹಿಟ್ಟು ಹುದುಗಿಸುತ್ತಾರೆಂಬುದು ಗೊತ್ತಿರಬೇಕಿತ್ತಲ್ಲ. ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ ಬಾಟಲಿಗಳ ಮೇಲೆಲ್ಲ ಬಳಿದುಕೊಂಡಿತ್ತು. ಆ ವಾರ ಎರಡು ಬಗೆಯ ಹುದುಗು ಒಟ್ಟಿಗೆ ಹಾಳಾದವು. ದೋಸೆ ಇಲ್ಲದ ಭಾನುವಾರದ ಹೊಣೆ ಯಾರ ಮೇಲೆ ಬಿತ್ತೆಂದು ಹೇಳಬೇಕಿಲ್ಲ.

ಗ್ಲಾಸಿನ ಕಥೆ ಇನ್ನೂ ಘನವಾದದ್ದು. ಬಿಯರಿನ ನೊರೆ ನಿಲ್ಲಬೇಕಾದರೆ ಗ್ಲಾಸಿನಲ್ಲಿ ಎಣ್ಣೆಯ ಪಸೆಯಾಗಲಿ ಸೋಪಿನ ಅಂಶವಾಗಲಿ ಇರಕೂಡದು. ಪರೀಕ್ಷೆ ಸುಲಭ. ಗ್ಲಾಸನ್ನು ನೀರಲ್ಲಿ ಅದ್ದಿ ಎತ್ತಿದರೆ ನೀರು ಒಂದೇ ಸಮ ಹಾಳೆಯಾಗಿ ಇಳಿಯಬೇಕು, ಹನಿಹನಿಯಾಗಿ ಅಂಟಿದರೆ ಜಿಡ್ಡಿದೆ ಎಂದರ್ಥ. ನಾನು ಸಿಂಕಿನ ಮುಂದೆ ನಿಂತು, ಗ್ಲಾಸನ್ನು ದೀಪಕ್ಕೆ ಹಿಡಿದು, ತೊಳೆದು, ಮತ್ತೆ ಹಿಡಿದು ನೋಡುತ್ತಿದ್ದೆ. ಪಕ್ಕದಲ್ಲೇ ಹುಳಿಯ ಕುಕ್ಕರು, ಒಗ್ಗರಣೆ ಸೌಟು, ಆರು ತಟ್ಟೆ ಕಾದಿದ್ದವು. “ಮದುವೆಯಾದಾಗಿನಿಂದ ಈ ಕೈಗೆ ಪಾತ್ರೆ ತೊಳೆಯೋಕೆ ಬರುತ್ತೆ ಅಂತ ನನಗೆ ಯಾರೂ ಹೇಳೇ ಇರಲಿಲ್ಲ” ಎಂದಳು ಹೆಂಡತಿ. ಅಂದಿನಿಂದ ಪಾತ್ರೆಯ ಖಾತೆ ನನ್ನದು.

ಇಷ್ಟು ಮಾಡಿಯೂ ಒಂದು ಸಂಜೆ ಬಿಯರ್ ಸುರಿದರೆ ನೊರೆ ಎದ್ದ ಹಾಗೆಯೇ ಕುಸಿಯಿತು. ಮೂಗಿಟ್ಟು ನೋಟ್‌ಬುಕ್ಕಿನಲ್ಲಿ ಬರೆದೆ: ‘ನಿಗೂಢ ಮಸಾಲೆ, ನೆಲದ ವಾಸನೆ, ಬಹುಶಃ ಬೆಲ್ಜಿಯಂ ಯೀಸ್ಟ್.’ ಮಾವನವರು ಬಗ್ಗಿ ನೋಡಿ, “ಇದರಲ್ಲೇ ಮಧ್ಯಾಹ್ನ ಮಜ್ಜಿಗೆ ಕುಡಿದೆ ಕಣ್ರೀ. ಹಿಡಿಯೋಕೆ ಚೆನ್ನಾಗಿದೆ ಲೋಟ. ಇಂಗು ಸ್ವಲ್ಪ ಜಾಸ್ತಿಯಾಗಿತ್ತು” ಅಂದರು. ನೋಟ್‌ಬುಕ್ಕಿನ ಆ ಪುಟ ಇನ್ನೂ ಹಾಗೇ ಇದೆ. ಹರಿಯಲು ಹೆಂಡತಿ ಬಿಡುತ್ತಿಲ್ಲ.

ಬಣ್ಣ ನೋಡುವುದೂ ಒಂದು ವಿದ್ಯೆ. ಅಂಬರಿನ ಬಣ್ಣ ಬರುವುದು ಕ್ರಿಸ್ಟಲ್ ಮಾಲ್ಟಿನಿಂದ. ಮೊಳಕೆ ಬರಿಸಿದ ಬಾರ್ಲಿಯನ್ನು ಒದ್ದೆ ಇರುವಾಗಲೇ ಬಿಸಿ ಮಾಡಿದರೆ ಹೊಟ್ಟಿನೊಳಗೇ ಪಿಷ್ಟ ಸಕ್ಕರೆಯಾಗುತ್ತದೆ, ಆಮೇಲೆ ಹುರಿದರೆ ಆ ಸಕ್ಕರೆ ಒಳಗೇ ಕೆಂಪಾಗುತ್ತದೆ. ಇದನ್ನು ನಾನು ಬಹಳ ಗಂಭೀರವಾಗಿ ವಿವರಿಸಿದೆ. “ನಮ್ಮಜ್ಜಿ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡೋರು. ನೋಟ್‌ಬುಕ್ ಇಟ್ಟಿರಲಿಲ್ಲ” ಅಂದಳು ಹೆಂಡತಿ. ಆ ಮಾತಿಗೆ ಬೇಸತ್ತು ಗ್ಲಾಸು ಹಿಡಿದು ಹಿತ್ತಲ ಡೆಕ್ಕಿಗೆ ಹೋದೆ. ಬಿಸಿಲಿಗೆ ಹಿಡಿದರೆ ಕೆಂಪು, ಕಿತ್ತಳೆ, ಅಂಚಿನಲ್ಲಿ ಚಿನ್ನ. ಏನು ಸೊಗಸು! ಗ್ಲಾಸನ್ನು ಕಟಾಂಜನದ ಮೇಲಿಟ್ಟು, ನಾನಾ ಕೋನಗಳಿಂದ ಫೋಟೊ ತೆಗೆದು, ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಎರಡು ಸಾಲು ತತ್ವವನ್ನೂ ಸೇರಿಸಿ ಕಳಿಸಿದೆ.

ಅಷ್ಟರಲ್ಲಿ ಒಳಗಿಂದ ಕೂಗು. “ರೀ, ಸ್ಕಂಕ್ ಬಂದಿದೆ! ಡೆಕ್ ಕೆಳಗೆ ಸೇರ್ಕೊಂಡಿದೆ! ಒಳಗೆ ಬನ್ನಿ!” ಕೊಲರಾಡೊದಲ್ಲಿ ಸ್ಕಂಕ್ ಎಂದರೆ ತಮಾಷೆಯಲ್ಲ. ಅದು ಒಂದು ಸಲ ಸಿಡಿಸಿತೆಂದರೆ ಮನೆ ವಾರಗಟ್ಟಲೆ ನಾರುತ್ತದೆ. ಅತ್ತೆ ಕಿಟಕಿಗಳನ್ನೆಲ್ಲ ಮುಚ್ಚಿದರು, ಮಾವನವರು ಪೊರಕೆ ಹಿಡಿದರು. ನಾನು ಧೈರ್ಯಸ್ಥನ ಹಾಗೆ ಬಗ್ಗಿ ಡೆಕ್ಕಿನ ಕೆಳಗೆ ಟಾರ್ಚ್ ಬಿಟ್ಟೆ. ಏನೂ ಇಲ್ಲ. ಮಾವನವರು ಮೂಗನ್ನು ಗಾಳಿಗೊಡ್ಡುತ್ತ ಮೆಲ್ಲಗೆ ನಡೆದು ಬಂದು ನನ್ನ ಗ್ಲಾಸಿನೆದುರು ನಿಂತರು. “ಪ್ರಾಣಿ ಇದರೊಳಗಿದೆ.”

ವಿಷಯ ಇಷ್ಟೆ. ಹಾಪ್ಸಿನ ಕಹಿ ಅಂಶದ ಮೇಲೆ ಬಿಸಿಲು ಬಿದ್ದರೆ ಅದು ಒಡೆದು, ಗಂಧಕದ ಜೊತೆ ಸೇರಿ, ಸ್ಕಂಕ್ ಸಿಡಿಸುವ ವಸ್ತುವಿನ ಹತ್ತಿರದ ನೆಂಟನಾಗುತ್ತದೆ. ಬಿಯರಿಗೆ ಕಂದು ಬಾಟಲಿ ಇರುವುದೇ ಈ ಕಾರಣಕ್ಕೆ. ಪಾರದರ್ಶಕ ಗ್ಲಾಸಿಗೆ ಸುರಿದು ಕೊಲರಾಡೊದ ಬಿಸಿಲಿಗಿಟ್ಟರೆ ಕೆಲವೇ ನಿಮಿಷ ಸಾಕು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ಗೆಳೆಯರು ‘ಆಹಾ, ಪರಿಮಳ ಇಲ್ಲಿಗೇ ಬರ್ತಿದೆ’ ಎಂದು ಬರೆದಿದ್ದರು.

ಮರುವಾರ ಊರಿನ ಒಂದು ಸಣ್ಣ ಬ್ರೂವರಿಯಿಂದ ಹೊಸ ಅಂಬರ್ ತಂದೆ. ನೋಡು, ಮೂಸು, ಗುಟುಕರಿಸು, ನುಂಗಿದ ಮೇಲೆ ಮೂಗಿಂದ ಉಸಿರು ಬಿಡು. ನಾಲ್ಕೂ ಮೆಟ್ಟಿಲನ್ನು ಕಣ್ಣು ಮುಚ್ಚಿ ಹತ್ತಿ, ‘ರೇಷ್ಮೆಯ ನುಣುಪು, ರಾಜಗಾಂಭೀರ್ಯ, ಹತ್ತಕ್ಕೆ ಒಂಬತ್ತು’ ಎಂದು ಬರೆದೆ. ಹೆಂಡತಿ ಹಾದುಹೋಗುತ್ತ ಗ್ಲಾಸನ್ನು ಒಮ್ಮೆ ಮೂಸಿದಳು. “ಬೆಣ್ಣೆ. ಅದೂ ಕಾಯಿಸೋಕೆ ತಡಮಾಡಿದ ಬೆಣ್ಣೆ.” ನಕ್ಕುಬಿಟ್ಟೆ. ಬಿಯರಿನಲ್ಲಿ ಬೆಣ್ಣೆ! ರಾತ್ರಿ ಪುಸ್ತಕ ತೆರೆದು ನೋಡಿದರೆ, ಡಯಾಸಿಟೈಲ್ ಎಂಬ ವಸ್ತುವಿಗೆ ಬೆಣ್ಣೆಯ ವಾಸನೆ. ಹುದುಗುವಾಗ ಅದು ಹುಟ್ಟುವುದು ಸಹಜ, ಯೀಸ್ಟಿಗೆ ಇನ್ನಷ್ಟು ದಿನ ಸಮಯ ಕೊಟ್ಟರೆ ಅದೇ ಮತ್ತೆ ಹೀರಿಕೊಳ್ಳುತ್ತದೆ. ಅವಸರ ಮಾಡಿದರೆ ಬಿಯರಲ್ಲೇ ಉಳಿಯುತ್ತದೆ. ಅಂಬರ್ ಏಲಿನಲ್ಲಿ ಅದು ದೋಷ. ನನ್ನ ರಾಜಗಾಂಭೀರ್ಯ ಅಂದರೆ ಅದೇ.

ಪುಸ್ತಕ ಮುಚ್ಚಿಡುವುದು ಬಿಟ್ಟು ಛಲಕ್ಕೆ ಬಿದ್ದೆ. “ತ್ರಿಕೋನ ಪರೀಕ್ಷೆ ಮಾಡೋಣ” ಅಂದೆ. ಪರಿಣತರು ಮಾಡುವ ಕ್ರಮ ಅದು: ಮೂರು ಲೋಟ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು. ಬಣ್ಣದ ಸುಳಿವು ಸಿಗದಿರಲೆಂದು ಹೆಂಡತಿ ಸ್ಟೀಲ್ ಲೋಟಗಳನ್ನೇ ತಂದಳು. ಎರಡರಲ್ಲಿ ಅಂಬರ್, ಒಂದರಲ್ಲಿ ಬೇರೊಂದು ಏಲ್. ಕಣ್ಣು ಮುಚ್ಚಿ ಬೊಟ್ಟಿಟ್ಟರೂ ಮೂರಕ್ಕೊಂದು ಸಲ ಸರಿಯಾಗಬೇಕಾದ ಲೆಕ್ಕ. ಲೋಟಗಳನ್ನು ಅದಲು ಬದಲು ಮಾಡಿ ಮತ್ತೆ ಮತ್ತೆ ಕೊಟ್ಟಳು. ಅದೃಷ್ಟ ಕೊಡುವಷ್ಟನ್ನೂ ನನ್ನ ಪಾಂಡಿತ್ಯ ಕೊಡಲಿಲ್ಲ.

ಮಾವನವರು ಪೇಪರ್ ಮಡಿಸಿಟ್ಟು ಬಂದರು. “ಕುಡಿಯಲ್ಲಪ್ಪ. ಮೂಸಿದ್ರೆ ವ್ರತ ಕೆಡಲ್ಲ.” ಲೋಟದ ಮೇಲೆ ಅಂಗೈ ಮುಚ್ಚಿ, ಒಂದು ಸುತ್ತು ಕುಲುಕಿ, ಕೈ ತೆಗೆದು ಮೂಗನ್ನು ಅಂಚಿಗೆ ತಂದು ಎರಡು ಸಣ್ಣ ಉಸಿರು, ಒಂದು ಉದ್ದ ಉಸಿರು ಎಳೆದರು. “ಇವೆರಡು ಒಂದೇ ಹುರಿ. ಇದು ಬೇರೆ, ಹುರಿದಿದ್ದು ಕಮ್ಮಿ, ಚಕ್ಕೋತದ ಸಿಪ್ಪೆ ವಾಸನೆ ಇದೆ. ದೇವನಹಳ್ಳಿ ಚಕ್ಕೋತ ಸುಲಿದಾಗ ಬರುತ್ತಲ್ಲ, ಅದು.” ಬಾಟಲಿ ನೋಡಿದೆ. ಅದರಲ್ಲಿದ್ದದ್ದು ಕ್ಯಾಸ್ಕೇಡ್ ಹಾಪ್ಸ್. 1972ರಿಂದ ಅಮೆರಿಕದ ಬಿಯರುಗಳಿಗೆ ಚಕ್ಕೋತದ ಜಾತಿಯ ಘಮ ಹಚ್ಚಿದ ತಳಿ. ಲೋಟ ಬದಲಿಸಿ ಎಷ್ಟು ಸಲ ಕೊಟ್ಟರೂ ಅವರು ತಪ್ಪಲಿಲ್ಲ. ಕಾಫಿ ರುಚಿ ನೋಡುವವರು ‘ಸೊರ್’ ಎಂದು ಸೀಪುವುದೇ ಕ್ರಮ, ದ್ರವ ಗಾಳಿಯ ಜೊತೆ ಚಿಮ್ಮಿದರೆ ವಾಸನೆ ಬಾಯಿಂದ ಮೂಗಿಗೇರುತ್ತದೆ ಎಂದು ಆಗ ಹೇಳಿದರು. ಅಷ್ಟು ವರ್ಷ ನಾನು ನಾಚಿದ್ದು ಒಬ್ಬ ನುರಿತ ಕಸುಬುದಾರನ ಸದ್ದಿಗೆ!

ಈಗ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಮಾವನವರು ಮೂಸುತ್ತಾರೆ, ಹೆಂಡತಿ ನೋಟ್‌ಬುಕ್ಕಿನಲ್ಲಿ ಅಂಕ ಬರೆಯುತ್ತಾಳೆ, ನಾನು ಕುಡಿದು ಪಾತ್ರೆ ತೊಳೆಯುತ್ತೇನೆ. ನಿಮಗೂ ಈ ಅಂಬರ್ ಏಲಿನ ಗೀಳು ಹತ್ತಿದ್ದರೆ ಅನುಭವಸ್ಥನ ಮಾತು ಕೇಳಿ. ಗ್ಲಾಸಿನಲ್ಲಿ ಜಿಡ್ಡಿರಬಾರದು, ಬಾಟಲಿ ಐಸಾಗಿರಬಾರದು, ಬಿಸಿಲಿನ ಹತ್ತಿರ ಸುಳಿಯಬಾರದು, ಬೆಣ್ಣೆ ವಾಸನೆ ಬಂದರೆ ಹೊಗಳಬಾರದು. ಅಂಕ ಕೊಡುವ ಮುಂಚೆ ಮನೆಯಲ್ಲಿ ದಿನಾ ಒಗ್ಗರಣೆ ಹಾಕುವವರು ಯಾರೋ ಅವರ ಮೂಗಿಗೆ ಒಮ್ಮೆ ಹಿಡಿಯಿರಿ. ಅವರು ಏನೆನ್ನುತ್ತಾರೋ ಅದನ್ನೇ ಸ್ವಲ್ಪ ಇಂಗ್ಲಿಷ್ ಬೆರೆಸಿ ಸ್ನೇಹಿತರ ಮುಂದೆ ಹೇಳಿ. ಪಾಂಡಿತ್ಯಕ್ಕೆ ಅಷ್ಟು ಸಾಕು.